"ಎಸೆದ್ಬಿಡಿ ಅಕ್ಕಾ" ಎಂದು ನಾನೇ ಹೇಳಿದ್ದೆ

ಚಳಿಗಾಲಕ್ಕೆ ಕಾರವಾರದ ಕಡಲಿಗೆ ಗಲ್ ಹಕ್ಕಿಗಳು ಬಂದವೆಂದರೆ ನನಗೆ ಆ ಬೆಕ್ಕಿನ ಕೇಸೇ ನೆನಪಾಗುತ್ತದೆ.

ಪಶು ಆಸ್ಪತ್ರೆಯಲ್ಲಿ ನಾನು ಪರೀಕ್ಷಕ, ಅಂದರೆ ಡಾಕ್ಟರ ಕೈಕೆಳಗಿನವ. ಅವತ್ತು ಡಾಕ್ಟರು ಕಾಲುಬಾಯಿ ಲಸಿಕೆ ಕ್ಯಾಂಪಿಗೆ ಹೋಗಿದ್ದರು, ಓಪಿಯಲ್ಲಿ ನಾನೊಬ್ಬನೇ. ಮೀನು ಮಾರುವ ಅಕ್ಕನೊಬ್ಬರು ಬುಟ್ಟಿಯಲ್ಲಿ ಬೆಕ್ಕು ತಂದರು. ಟೆಂಪರೇಚರ್ 105. ಭೇದಿ ಬೇರೆ. ನಿಲ್ಲಿಸಿದರೆ ತೂರಾಡುತ್ತಿತ್ತು.

"ಎಂತ ತಿಂದಿದೆ ಅಕ್ಕಾ?"

"ಮೊನ್ನೆ ಒಂದು ಕಡಲಹಕ್ಕಿ ಹಿಡ್ಕೊಂಡು ಬಂದಿತ್ತು. ಹಾರೋಕೂ ಆಗದ ಹಕ್ಕಿ. ಅರ್ಧ ತಿಂದು ಹಿತ್ತಲಲ್ಲಿ ಬಿಟ್ಟಿದೆ, ನಾತ!"

"ಎಸೆದ್ಬಿಡಿ ಅಕ್ಕಾ" ಎಂದೆ. ಅವರು ಅಲ್ಲಿಂದಲೇ ಮಗನಿಗೆ ಫೋನ್ ಮಾಡಿ ಹೇಳಿದರು. ನನ್ನ ತಲೆಯಲ್ಲಿದ್ದದ್ದು ಇಲಿಪಾಷಾಣ. ಪಾಷಾಣ ತಿಂದರೆ ಇಷ್ಟು ಜ್ವರ ಯಾಕೆ ಎಂದು ಯೋಚಿಸಲೇ ಇಲ್ಲ. ಬರಿಗೈಯಲ್ಲಿ ಬಾಯಿ ಬಿಡಿಸಿ ನೋಡುವಾಗ ಬೆಕ್ಕು ನನ್ನ ಮುಖಕ್ಕೇ ಸೀನಿತು. ತೋಳಿನಲ್ಲಿ ಒರೆಸಿಕೊಂಡೆ. ಕೇಸ್ ಶೀಟಿನ ಹಿಸ್ಟರಿಯಲ್ಲಿ "ವಿಶೇಷವಿಲ್ಲ" ಎಂದು ಬರೆದೆ.

ಡ್ರಿಪ್ ಕೇಳಲು ಡಾಕ್ಟರಿಗೆ ಫೋನ್ ಮಾಡಿ, ಇಡುವ ಮುಂಚೆ ಸುಮ್ನೆ ಹಕ್ಕಿಯ ಮಾತು ಎತ್ತಿದೆ. ಆ ಕಡೆ ಮಾತೇ ಇಲ್ಲ.

"ಹಕ್ಕಿ ಎಲ್ಲಿದೆ?"

"ಎಸೆಯೋಕೆ ಹೇಳಿದೆ ಸರ್."

"ಮಾರಾಯ, ಅದೇ ಅಲ್ವಾ ನಮ್ಮ ಸ್ಯಾಂಪಲ್ಲು!"

ಹಕ್ಕಿಜ್ವರ ಎಂದರೆ ನಮಗೆ ಕೋಳಿಫಾರ್ಮ್ ಮಾತ್ರ ಕಣ್ಣಿಗೆ ಬರುವುದು. 2023ರಲ್ಲಿ ಪೋಲೆಂಡಿನಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ಸಿಗೆ ಸಾಕುಬೆಕ್ಕುಗಳು ಸತ್ತಿದ್ದವು. 2024ರಲ್ಲಿ ಅಮೆರಿಕದ ಡೈರಿಗಳಲ್ಲಿ ಸೋಂಕಿನ ಹಸುವಿನ ಹಸಿ ಹಾಲು ಕುಡಿದು ಸತ್ತವು. ಜ್ವರ, ತೂರಾಟ, ಕಣ್ಣು ಕಾಣದಿರುವುದು. ಮೀಟಿಂಗಿನಲ್ಲಿ ಡಾಕ್ಟರು ಇದನ್ನೆಲ್ಲ ಹೇಳುವಾಗ ನನ್ನ ಗಮನ ಚಾ ಬಿಸ್ಕತ್ತಿನ ಮೇಲಿತ್ತು.

ಆಮೇಲಿನ ಅರ್ಧ ಗಂಟೆ ಕೇಳಬೇಡಿ. ಸೋಪಿನಿಂದ ಮುಖ ತೊಳೆದೆ, ಮತ್ತೆ ತೊಳೆದೆ. ಗ್ಲೌಸ್ ಡಬ್ಬ ಖಾಲಿ, ಇಂಡೆಂಟ್ ಹಾಕಿ ಎರಡು ತಿಂಗಳು. ಬೆಂಚಿನ ಮೇಲೆ ಅಜ್ಜನೊಬ್ಬರು ಮಡಿಲಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದರು.

"ಅಜ್ಜಾ, ಕೋಳಿ ತಗೊಂಡು ಬೇಗ ಹೊರಗೆ ಹೋಗಿ!"

"ಯಾಕೋ ತಮ್ಮಾ? ಬೆಕ್ಕಿಗೆ ಏಳೋಕೇ ತ್ರಾಣ ಇಲ್ಲ, ನನ್ನ ಕೋಳಿ ಹಿಡೀತದ್ಯಾ?"

ಅಕ್ಕನ ಮಗ ಫೋನ್ ಎತ್ತಲೊಲ್ಲ. ಎಂಟನೇ ಸಲಕ್ಕೆ ಎತ್ತಿದ. ಕ್ರಿಕೆಟ್ ಆಡುತ್ತಿದ್ದನಂತೆ, ಹಕ್ಕಿ ಹಿತ್ತಲಲ್ಲೇ ಇತ್ತು. ಯಾರದೋ ಸೋಮಾರಿತನಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಡಾಕ್ಟರೇ ಹೋಗಿ ಎರಡೆರಡು ಕವರಿಗೆ ತುಂಬಿ ಐಸ್ ಬಾಕ್ಸಿನಲ್ಲಿ ತಂದರು.

ಹಕ್ಕಿಜ್ವರ ಅಲ್ಲ ಎಂದು ರಿಪೋರ್ಟ್ ಬರುವವರೆಗೆ ನಾನು ಮನೆಯಲ್ಲಿ ಹೊರಗಿನ ಕೋಣೆಯಲ್ಲೇ ಮಲಗಿದೆ. ಆಮೇಲೆ ಡಾಕ್ಟರಿಗೆ ಅನುಮಾನ ಇದ್ದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೇಲೆ. ಕಾಯಿಲೆಯ ಹಕ್ಕಿ ಹಾರಲಾರದು, ಬೆಕ್ಕಿಗೆ ಸಿಗುವುದೂ ಅದೇ. ಚೇತರಿಸಿಕೊಂಡ ಬೆಕ್ಕಿನ ಹೇಲಿನಲ್ಲೂ ವಾರಗಟ್ಟಲೆ ರೋಗಾಣು ಇರಬಹುದು, ಮನೆಯವರಿಗೂ ಅಂಟುತ್ತದೆ. ಅಕ್ಕನಿಗೆ ಕೈ ತೊಳೆಯಲು ಹೇಳಿ ಹೇಳಿ ನನಗೆ ಸಾಕಾಯಿತು. ಬೆಕ್ಕು ಹತ್ತು ದಿನಕ್ಕೆ ಎದ್ದು ಓಡಾಡಿತು.

ಇಂಡೆಂಟ್ ಹಾಕಿದ ಗ್ಲೌಸ್ ಆಮೇಲೆ ಬಂತು. ಮೂರು ಡಬ್ಬ. ಎಲ್ಲ ಭುಜದುದ್ದದವು, ಹಸುವಿಗೆ ಇನ್ಸೆಮಿನೇಷನ್ ಮಾಡುವಾಗ ಹಾಕಿಕೊಳ್ಳುವಂಥವು.