ಚಿತ್ರಸಂತೆಯಲ್ಲೊಂದು ತೇರು

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ, ಕಲಾವಿದರು ಬೀದಿಯಲ್ಲೇ ಚಿತ್ರ ಮಾರುವ ಸಂತೆಗೆ, ಹೋಗುವವರು ಕಾರನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದರಾಯಿತು. ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆ ಅಂದು ವಾಹನಗಳಿಗೆ ಬಂದ್. ಹೊತ್ತೇರಿದ ಮೇಲೆ ಹೋದರೆ ಚಿತ್ರಕ್ಕಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುತ್ತದೆ. ಬುದ್ಧನ ಮುಖ, ಓಡುವ ಏಳು ಕುದುರೆ ಹತ್ತು ಹೆಜ್ಜೆಗೊಂದು ಸಿಗುತ್ತವೆ, ನಿಲ್ಲಬೇಕಾಗಿಲ್ಲ.

ಕಾಲು ನಿಂತದ್ದು ಒಂದು ಜಾತ್ರೆಯ ಚಿತ್ರದ ಮುಂದೆ. ಅಕ್ರಿಲಿಕ್ ಬಣ್ಣ, ನಾಲ್ಕಡಿ ಅಗಲ, ಮೂರಡಿ ಎತ್ತರ. ತೇರು ಪೂರ್ತಿ ಕಾಣುವುದೇ ಇಲ್ಲ: ಒಂದು ಗಾಲಿ, ಒಂದು ಹಗ್ಗ, ಉಳಿದದ್ದೆಲ್ಲ ಜನ. ಕತ್ತೆತ್ತಿದ ಮುಖಗಳ ಮೇಲೆ ದವನ ಸಿಕ್ಕಿಸಿದ ಬಾಳೆಹಣ್ಣುಗಳು ಹಾರುತ್ತಿವೆ. ಹತ್ತಿರ ಹೋದರೆ ಒಂದೊಂದು ಹಣ್ಣೂ ಕುಂಚದ ಒಂದೇ ಎಳೆತ, ತುದಿಗೊಂದು ಹಸಿರು ಚುಕ್ಕೆ.

ಇಷ್ಟೊಂದು ಬಣ್ಣವಿದ್ದೂ ಕಣ್ಣಿಗೆ ಚುಚ್ಚುವುದಿಲ್ಲವಲ್ಲ? ಕೇಳಿದ್ದಕ್ಕೆ ಕಲಾವಿದರು ಒಂದು ಸೀರೆಯ ಅಂಚು ತೋರಿಸಿದರು. ಕ್ಯಾನ್ವಾಸಿಗೆ ಮೊದಲು ತೆಳ್ಳಗೆ ಕಾವಿ ಬಳಿದು, ಅದರ ಮೇಲೆ ಜನರನ್ನು ಬರೆದಿದ್ದಾರೆ. ಕೆಂಪು ಸೀರೆಗೂ ಪಕ್ಕದ ಹಸಿರು ಪೇಟಕ್ಕೂ ನಡುವೆ ಒಂದೆಳೆ ಕಾವಿ ಹಾಗೇ ಉಳಿದಿದೆ. ಎರಡೂ ನೇರ ತಾಗಿದ್ದರೆ ಅಂಚು ಅದುರಿದಂತೆ ಕಾಣುತ್ತಿತ್ತು.

"ಈ ಬಿಳಿ ಪಂಚೆ?"

"ಅದೊಂದೇ ಸಾರ್ ಅಪ್ಪಟ ಬಿಳಿ. ಬೇರೆ ಪಂಚೆಗೆಲ್ಲ ನೀಲಿನೋ ಬೂದಿನೋ ಬೆರೆಸಿದೀನಿ."

ಹೌದು, ಹಗ್ಗ ಹಿಡಿದ ಮುದುಕನ ಪಂಚೆ. ಕಣ್ಣು ಜಾತ್ರೆಯೆಲ್ಲ ಸುತ್ತಿ ಅಲ್ಲಿಗೇ ಬಂದು ಕೂರುತ್ತದೆ.

ಸಂತೆಯಲ್ಲಿ ಪ್ರಿಂಟುಗಳೂ ಇರುತ್ತವೆ. ಕೈಯಲ್ಲೇ ಬರೆದಂತೆ ಕಾಣಲೆಂದು ಕೆಲವಕ್ಕೆ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಎಬ್ಬಿಸಿರುತ್ತಾರೆ. ಓರೆಯಾಗಿ ಬೆಳಕಿಗೆ ಹಿಡಿದು ನೋಡಿ: ಗೆರೆಗಳು ಬಣ್ಣದ ಅಂಚನ್ನು ಲೆಕ್ಕಿಸದೆ ಮೂಗು, ಆಕಾಶ ಎಲ್ಲವನ್ನೂ ಒಂದೇ ಸಮ ದಾಟಿದ್ದರೆ ಅನುಮಾನಿಸಿ.

ಬೇಸರವಾದದ್ದು ಪಕ್ಕದ ಮಳಿಗೆಯಲ್ಲಿ. ಕೊಂಡವರೊಬ್ಬರಿಗೆ ಕ್ಯಾನ್ವಾಸನ್ನು ಬಣ್ಣ ಒಳಗೆ ಬರುವಂತೆ ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು. ಹಾಗೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕಾಗುತ್ತದೆ, ಆಮೇಲೆ ಬಿರುಕು. ಬಣ್ಣ ಹೊರಗಿರಬೇಕು, ಒಳಗೆ ಕನಿಷ್ಠ ನಾಲ್ಕಿಂಚು ದಪ್ಪದ ಕೊಳವೆ, ಬಣ್ಣದ ಮೇಲೆ ಬಟರ್ ಪೇಪರ್. ಬಬಲ್ ರ‍್ಯಾಪ್ ನೇರ ಸುತ್ತಲೇಬಾರದು: ಬಿಸಿಲಲ್ಲಿ ನಿಂತ ಕಾರಿನೊಳಗೆ ಅಕ್ರಿಲಿಕ್ ಮೆತ್ತಗಾಗಿ, ಆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಹಾಗೇ ಕೂತುಬಿಡುತ್ತದೆ.