‘ಭಾರ ಇಲ್ಲ’

“ಭಾರ ಇದೆಯೇನೋ?”

“ಇಲ್ಲ.”

ಈ ವಾರ ಮಕ್ಕಳ ಚಾರಣಕ್ಕೆ ಮುನ್ನ ನಡೆದ ಬ್ಯಾಗ್ ತಪಾಸಣೆಯಲ್ಲಿ ಹೀಗಂದ ಹುಡುಗನಿಗೆ 13 ವರ್ಷ, ಮೈತೂಕ 42 ಕಿಲೋ. ಬ್ಯಾಗನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿದರೆ 9 ಕಿಲೋ 800 ಗ್ರಾಂ. ಇನ್ನೂ ನೀರು ತುಂಬಿರಲಿಲ್ಲ, ಟೆಂಟು-ಪಾತ್ರೆಗಳ ಪಾಲು ಹಂಚಿರಲಿಲ್ಲ. ಈ ವಯಸ್ಸಿಗೆ ಮೈತೂಕದ ಶೇ. 15ರಿಂದ 20ರಷ್ಟು ಭಾರ ಸಾಕು. ಅವನಿಗೆ ನೀರೂ ಸೇರಿ ಹೆಚ್ಚೆಂದರೆ 8 ಕಿಲೋ 400 ಗ್ರಾಂ.

ಬಿಚ್ಚಿದರೆ ಎರಡು ದಪ್ಪ ಟವೆಲ್, ಎರಡು ಜೀನ್ಸ್, ತುಂಬಿದ ಶಾಂಪೂ ಬಾಟಲಿ, ಒಂದು ಸ್ಟೀಲ್ ಬಾಟಲಿ. “ಯಾರು ಇಟ್ಟಿದ್ದು?” “ಅಮ್ಮ.” ಅಮ್ಮ ಅಲ್ಲೇ ನಿಂತಿದ್ದರು, ಪಾಪ. ತಪ್ಪು ಅವರದ್ದಲ್ಲ, ‘ಬಟ್ಟೆ ಎರಡು ಜೊತೆ’ ಎಂದು ಪಟ್ಟಿ ಬರೆದವರದ್ದು. ‘ಬೇಗ ಒಣಗುವ ಪ್ಯಾಂಟು 1, ಜೀನ್ಸ್ ಬೇಡ’ ಎಂದೇ ಬರೆಯಬೇಕು. ನೆನೆದ ಜೀನ್ಸ್ ರಾತ್ರಿ ಕಳೆದರೂ ಒಣಗುವುದಿಲ್ಲ, ಬೆಳಿಗ್ಗೆ ಅದನ್ನೇ ತೊಟ್ಟು ನಡೆದರೆ ತೊಡೆ ಉಜ್ಜಿ ಸುಲಿಯುತ್ತದೆ.

ತಲೆಯಲ್ಲಿ ಕೊರೆಯುತ್ತಿರುವುದು ಮಾತ್ರ ಆ ‘ಇಲ್ಲ’. ಹಿಂದೆ ಸಾಲಿನಲ್ಲಿ ಮೂವರು ಗೆಳೆಯರು ನೋಡುತ್ತಿರುವಾಗ ಅವನು ಇನ್ನೇನು ಹೇಳಿಯಾನು? ದಾರಿಯಲ್ಲೂ ಇದೇ ಉತ್ತರ. ಬಾಯಾರಿತೇ? ಇಲ್ಲ. ಕಾಲು ಉರಿಯುತ್ತಿದೆಯೇ? ಇಲ್ಲ. ಬಾಯಿಬಿಡುವ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದೂ ಆಗಿರುತ್ತದೆ.

ಹಾಗಾಗಿ ಕೇಳಿ ತಿಳಿಯುವ ನೆಚ್ಚಿಕೆಯ ಮೇಲೆ ಪ್ರವಾಸ ಕಟ್ಟಬಾರದು. ಹೊರಟ ಅರ್ಧ ಗಂಟೆಗೆ ಮೊದಲ ನಿಲುಗಡೆ. ದೊಡ್ಡವರೂ ಸೇರಿ ಎಲ್ಲರೂ ಶೂ, ಸಾಕ್ಸ್ ಬಿಚ್ಚಬೇಕು, ಕೆಂಪಾದಲ್ಲಿ ಆಗಲೇ ಟೇಪ್ ಬೀಳಬೇಕು. ನೀರನ್ನು ಗಡಿಯಾರ ನೋಡಿ ಕುಡಿಸಬೇಕು, ಗಂಟೆಗೆ ಸುಮಾರು ಅರ್ಧ ಲೀಟರ್, ಬಿಸಿಲಿದ್ದರೆ ಇನ್ನಷ್ಟು. ಬ್ಯಾಗಿನ ಸೊಂಟಪಟ್ಟಿ ಸೊಂಟದ ಮೂಳೆಯ ಮೇಲೆ ಕೂತಿದೆಯೇ ಎಂದು ಕಣ್ಣಲ್ಲೇ ನೋಡಿ. ಹೊಟ್ಟೆಗೆ ಜಾರಿದ್ದರೆ ಭಾರವೆಲ್ಲ ಹೆಗಲಿಗೆ. ಮುಟ್ಟಿನ ಪ್ಯಾಡ್‌ಗಳು ಯಾವ ಚೀಲದಲ್ಲಿವೆ ಎಂದು ಮೊದಲ ದಿನವೇ ಹುಡುಗರ ಎದುರಿಗೇ ಹೇಳಿಬಿಡಬೇಕು, ಆಮೇಲೆ ಯಾರೂ ಕೇಳುವ ಪ್ರಮೇಯ ಬರಬಾರದು. ಶೌಚಕ್ಕೆ ಗುಂಡಿ ತೋಡುವ ಕೈಸಲಿಕೆಯೂ ಹಾಗೆಯೇ, ಬ್ಯಾಗಿನ ಹೊರಗೆ ನೇತಾಡುತ್ತಿರಲಿ. ಗುಂಡಿ ನೀರಿನಿಂದ 60 ಮೀಟರ್ ದೂರ, 15-20 ಸೆಂಟಿಮೀಟರ್ ಆಳ. ಸಲಿಕೆ ಎರಡು ದಿನ ಜಾಗ ಬಿಟ್ಟು ಕದಲದಿದ್ದರೆ ಯಾರೋ ತಡೆದುಕೊಂಡಿದ್ದಾರೆ ಎಂದರ್ಥ.

ನಡಿಗೆಯ ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವಿದೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು. ಅದು ಗಟ್ಟಿ ಆಳಿನ ಲೆಕ್ಕ. ಮಕ್ಕಳ ಗುಂಪಿಗೆ ಕಾಗದದ ಮೇಲಿನ 3 ಗಂಟೆ 5 ಆಗುತ್ತದೆ, ಬೆಳಕಿರುವಾಗಲೇ ಟೆಂಟು ಹಾಕುವಂತೆ ದಾರಿ ಕಡಿಮೆ ಮಾಡಿ.

ಬೇಡದ್ದೆಲ್ಲ ತೆಗೆದ ಮೇಲೆ ಆ ಹುಡುಗನ ಬ್ಯಾಗು 6 ಕಿಲೋ 300 ಗ್ರಾಂ. 2 ಲೀಟರ್ ನೀರು ಸೇರಿ 8 ಕಿಲೋ 300. ಟೆಂಟು ದೊಡ್ಡವರ ಬೆನ್ನಿಗೆ. ಹೊತ್ತು ನಾಲ್ಕು ಹೆಜ್ಜೆ ಹಾಕಿದ.

“ಈಗ ಹೇಗಿದೆ?”

“ಎರಡೂ ಒಂದೇ.”