ಬದುವಿನ ಈಚಲು, ತೋಟದ ಖರ್ಜೂರ

ಬಾಗೇಪಲ್ಲಿ ಕಡೆ ಹೋಗಿದ್ದು ಗುಮ್ಮನಾಯಕನ ಪಾಳ್ಯದ ಕೋಟೆ ನೋಡೋಕೆ. ಕೋಟೆ ಚೆನ್ನಾಗಿದೆ, ಬಿಸಿಲೇರುವ ಮುಂಚೆ ಹತ್ತಿ. ಆದರೆ ನಾನು ಬರೆಯಬೇಕು ಅಂದುಕೊಂಡಿದ್ದು ವಾಪಸ್ ಬರುವಾಗ ಸಿಕ್ಕ ಖರ್ಜೂರದ ತೋಟದ ಬಗ್ಗೆ.

ಆಷಾಢದ ಗಾಳಿ ಜೋರಾಗಿತ್ತು. ಬೇಲಿಯೊಳಗೆ ಖರ್ಜೂರ, ಬದುವಿನ ಮೇಲೆ ನಮ್ಮ ಈಚಲು. ಎರಡೂ ಫೀನಿಕ್ಸ್ ಕುಲದವೇ, ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಹೋದರೆ ಖರ್ಜೂರದ ಗರಿ ಬೂದು ಹಸಿರು, ಬುಡದಲ್ಲಿ ಕಂದುಗಳು, ಅಂದರೆ ಮರಿಗಿಡಗಳು. ಈಚಲಿಗೆ ಕಂದಿಲ್ಲ, ಒಂಟಿ ಕಾಂಡ, ತಲೆ ತುಂಬಾ ಒತ್ತೊತ್ತು ಗರಿ. ಗರಿಯ ಬುಡದಲ್ಲಿ ಮಾತ್ರ ಎರಡಕ್ಕೂ ಸೂಜಿಯಂಥ ಮುಳ್ಳು. ಬದುವಿನಲ್ಲಿ ಬಿದ್ದಿದ್ದ ಒಣ ಗರಿಯ ಮುಳ್ಳೊಂದು ಚಪ್ಪಲಿ ತೂರಿಕೊಂಡು ಹಿಮ್ಮಡಿಗೆ ಇಳಿಯಿತು. ಇನ್ನೂ ನೋಯುತ್ತಿದೆ. ಅಲ್ಲಿಗೆ ಹೋಗುವವರು ದಪ್ಪ ಅಡಿಯ ಶೂ ಹಾಕಿಕೊಳ್ಳಿ.

ಮುಳ್ಳು ಕಿತ್ತುಕೊಟ್ಟ ತೋಟದ ಅಕ್ಕ ಅಲ್ಲೇ ಕೂರಿಸಿ ಹಣ್ಣು ಕೊಟ್ಟರು. ಬರ್ಹಿ ತಳಿ, ಹಳದಿ ಇರುವಾಗಲೇ ಕರುಂ ಅಂತ ಕಡಿದು ತಿನ್ನುವಂಥದ್ದು. ಮೆತ್ತಗಾಗುವವರೆಗೆ ಮರದಲ್ಲೇ ಬಿಟ್ಟರೆ ನಮ್ಮ ಮಳೆಗೆ ಕೊಳೆಯುತ್ತದೆ, ಅದಕ್ಕೇ ಈ ಕಡೆಗೆ ಈ ತಳಿ ಒಗ್ಗುತ್ತದೆ. ನನಗೆ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸಿತು. ಈಚಲು ಹಣ್ಣಲ್ಲಿ ಬೀಜವೇ ಮುಕ್ಕಾಲು, ತಿರುಳು ಬರೀ ಪದರ. ಆದರೂ ಆ ಒಗರು ಸಿಹಿಯೇ ನನಗಿಷ್ಟ.

"ಇದಕ್ಕೆ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಸಾರ್," ಅಂದರು ಅಕ್ಕ. "ಗಾಳಿ ನಂಬಿಕೊಂಡ್ರೆ ಕಾಯಿ ಕಟ್ಟಲ್ಲ. ಶಿವರಾತ್ರಿ ಹೊತ್ತಿಗೆ ಗಂಡು ಹೂವಿನ ಪುಡಿನ ಹೆಣ್ಣು ಗೊಂಚಲಿಗೆ ನಾವೇ ಉದುರಿಸಬೇಕು."

"ಗಂಡು ಮರ ಹೂ ಬಿಡದಿದ್ರೆ?"

"ಒಂದ್ಸಲ ಹಂಗೇ ಆಯ್ತು. ಹೆಣ್ಣು ಹೂ ಅರಳಿಬಿಡ್ತು, ಗಂಡು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬದುವಿನ ಗಂಡು ಈಚಲಿನ ಹೂ ಕೊಯ್ದು ಕೊಡವಿದೆ. ಕಾಯಿ ಕಟ್ಟಿತು! ಸ್ವಲ್ಪ ಸಣ್ಣ, ಅಷ್ಟೆ. ರುಚಿ ಇದೇ."

ನಾನು ಬೆರಗಾಗಿ ಬದುವಿನ ಕಡೆ ನೋಡಿದೆ. ಯೋಚಿಸಿದರೆ ಸರಿಯೇ. ನಾವು ತಿನ್ನುವ ತಿರುಳು ತಾಯಿ ಮರದ್ದು, ತಂದೆಯ ಪಾಲು ಬೀಜದೊಳಗೆ. ಹಾಗಿದ್ದೂ ಪುಡಿ ಯಾವ ಮರದ್ದು ಅನ್ನೋದರ ಮೇಲೆ ಹಣ್ಣಿನ ಗಾತ್ರ, ಮಾಗುವ ಕಾಲ ಸ್ವಲ್ಪ ಬದಲಾಗುತ್ತದೆ. ಪೊರಕೆ, ಚಾಪೆ, ಹೆಂಡಕ್ಕಷ್ಟೇ ನೆನಪಾಗುವ ಮರ ಇರಾಕಿನ ಬಸ್ರಾ ಸೀಮೆಯ ಬರ್ಹಿ ತಳಿಗೆ ಕಾಯಿ ಕಟ್ಟಿಸಿತ್ತು!

ಅಕ್ಕಪಕ್ಕದವರು ಈಚಲು ಕಡಿಸಿ ತಂತಿ ಹಾಕಿಸಿ ಅಂತ ಹೇಳುತ್ತಲೇ ಇದ್ದಾರಂತೆ. "ಆ ಗಂಡು ಈಚಲು ಮಾತ್ರ ಮುಟ್ಟೋಕೆ ಬಿಡಲ್ಲ," ಅಂದರು ಅಕ್ಕ, ಹಣ್ಣು ತೂಗುತ್ತಾ.